‘ಮಿಲ್ಟ್ರಿಗಿ ಹಾಕ್ರಿ’ ಎನ್ನುವವರಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಸಿಂದಗಿ, ಇಂಡಿ, ಆಲಮೇಲ ಸೀಮೆಯ ಯಾವ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಕುಳಿತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಇವನ ತಲಿಗಿ ವಿದ್ಯಾ ಹತ್ತೂದಿಲ್ಲ, ಮಿಲ್ಟ್ರಿಗಿ ಹಾಕ್ರಿ.” ಹೇಳುವವರು ಮಾಸ್ತರರು. ರುಮಾಲು ಕೈಯಲ್ಲಿ ಹಿಡಿದು ನಿಂತು ಕೇಳುವವನು ಹುಡುಗನ ತಂದೆ. ಆತನೂ ಹೌದೆಂಬಂತೆ ತಲೆಯಾಡಿಸುತ್ತಾನೆ. ಮನೆಯಲ್ಲಿ ಮಾತು ಕೇಳದವನು, ಮೊಬೈಲು ಬಿಡದವನು, ಗುಟಕಾ ಚಟ ಹತ್ತಿಸಿಕೊಂಡವನು, ಗಣಿತದಲ್ಲಿ ಹನ್ನೆರಡು ಅಂಕ ತಂದವನು, ಎಲ್ಲರಿಗೂ ಇದೊಂದೇ ಔಷಧ. ಅಲ್ಲಿ ನಾಲ್ಕು ಬಿದ್ದರೆ ನೆಟ್ಟಗಾಗುತ್ತಾನಂತೆ. ಇದೇ ಮಾಸ್ತರರು ಎರಡು ಮೂರು ತಿಂಗಳು ಕಳೆದು ಆಗಸ್ಟ್ 15ರಂದು ಧ್ವಜಕಂಬದ ಕೆಳಗೆ ನಿಂತು, ಗಡಿ ಕಾಯುವ ಯೋಧನೇ ನಮ್ಮ ಪಾಲಿನ ದೇವರು ಎಂದು ಭಾಷಣ ಮಾಡುತ್ತಾರೆ. ದೇವರಾಗಲು ನೀವು ಆರಿಸಿ ಕಳಿಸುವುದು ಶಾಲೆಗೆ ಬೇಡವಾದ ಹುಡುಗನನ್ನೇ? ಈ ಪ್ರಶ್ನೆಯನ್ನು ನಾನು ಸಹೋದ್ಯೋಗಿಗಳ ಮುಖಕ್ಕೇ ಕೇಳಿದ್ದೇನೆ. ಅವರು ನಕ್ಕು ಚಹಾ ತರಿಸಿದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. ಕೇಂದ್ರ ಸರಕಾರ 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟಿಸಿದ ಮೇಲೆ ಸಿಪಾಯಿಯಾಗಿ ಸೇರುವ ಹುಡುಗ ಅಗ್ನಿವೀರನೆಂದೇ ಸೇರಬೇಕು. ಸೇನೆಯ ಸಾಮಾನ್ಯ ಸಿಪಾಯಿ ಹುದ್ದೆಗೆ ಹತ್ತನೇ ತರಗತಿಯಲ್ಲಿ ಒಟ್ಟು ಶೇಕಡಾ 45 ಅಂಕ, ಪ್ರತಿಯೊಂದು ವಿಷಯದಲ್ಲಿ ಕನಿಷ್ಠ ಶೇಕಡಾ 33 ಬೇಕು. 2023ರಿಂದ ಓಟಕ್ಕೆ ನಿಲ್ಲುವ ಮೊದಲೇ ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆ ಪಾಸಾಗಬೇಕು. ಸಾಮಾನ್ಯ ಜ್ಞಾನ, ವಿಜ್ಞಾನ, ಗಣಿತ, ತರ್ಕ ಎಲ್ಲವೂ ಅದರಲ್ಲಿವೆ. ತಪ್ಪು ಉತ್ತರ ಬರೆದರೆ ಬಂದ ಅಂಕದಲ್ಲಿ ಕಡಿತವೂ ಇದೆ. ಗಣಿತದಲ್ಲಿ ಹನ್ನೆರಡು ಅಂಕ ತಂದವನಿಗೆ ಈ ಬಾಗಿಲು ತೆರೆಯುವುದಿಲ್ಲ. ಎಂಟನೇ ಪಾಸಾದವರಿಗೆ ಹೌಸ್ ಕೀಪರ್, ಮೆಸ್ ಕೀಪರ್ ಎಂಬ ಟ್ರೇಡ್ಸ್‌ಮನ್ ಕೆಲಸಗಳಿವೆ. ಮಾಸ್ತರರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆಂದು ನನಗೆ ಅನಿಸಿಲ್ಲ.

ಹಾಗಾದರೆ ಯಾರು ಹೋಗುತ್ತಾರೆ? ನಸುಕಿನ ನಾಲ್ಕೂವರೆಗೆ ಎದ್ದು ಊರ ಹೊರಗಿನ ರಸ್ತೆಗೆ ಬಂದರೆ ಅವರೇ ಎದುರಾಗುತ್ತಾರೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೊರಟಿರುತ್ತವೆ. ಆ ಧೂಳಿನಲ್ಲಿ, ಆ ದೀಪದ ಬೆಳಕಿನಲ್ಲಿ ಹುಡುಗರು ಓಡುತ್ತಿರುತ್ತಾರೆ. ಸಾಧಾರಣ ಓದಿನವರು, ನಲವತ್ತೈದರಿಂದ ಅರವತ್ತರ ನಡುವಿನ ಅಂಕದವರು, ಮೂರೋ ನಾಲ್ಕೋ ಎಕರೆ ಒಣ ಹೊಲದವರು. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ಣ 60 ಅಂಕ. ಬೀಮು ಹಿಡಿದು ಹತ್ತು ಸಲ ಗದ್ದ ಮೇಲೆತ್ತಿದರೆ 40. ಒಂಬತ್ತಡಿ ಹಳ್ಳ ಜಿಗಿಯಬೇಕು. ಈ ಅಂಕಿಗಳು ನಮ್ಮ ಹುಡುಗರಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ.

ಈ ಓಟವನ್ನೇ ಮಾರಾಟಕ್ಕಿಟ್ಟ ಅಂಗಡಿಗಳೂ ಹುಟ್ಟಿಕೊಂಡಿವೆ. ತಗಡಿನ ಶೆಡ್ಡು, ಮುಂದೆ ಬಂದೂಕು ಹಿಡಿದ ಯೋಧನ ದೊಡ್ಡ ಫಲಕ, ‘ಭರ್ತಿ ಗ್ಯಾರಂಟಿ’ ಎಂಬ ಬರಹ. ತಂದೆ ತೊಗರಿ ಮಾರಿದ ದುಡ್ಡು ತಂದು ಕಟ್ಟುತ್ತಾನೆ. ಭರ್ತಿಗೆ ಎರಡು ತಿಂಗಳಿರುವಾಗ ದಿನಕ್ಕೆರಡು ಹೊತ್ತು ಡಾಂಬರಿನ ಮೇಲೆ ಓಡಿಸುತ್ತಾರೆ. ಹೊಲದಲ್ಲಿ ಬರಿಗಾಲಲ್ಲಿ ಬೆಳೆದವನಿಗೆ ಒಮ್ಮೆಲೇ ಅಗ್ಗದ ಬೂಟು, ಒಮ್ಮೆಲೇ ಗಟ್ಟಿ ನೆಲ. ಎಲುಬು ಭಾರಕ್ಕೆ ನಿಧಾನವಾಗಿ ಒಗ್ಗುವಂಥದ್ದು. ಅವಸರ ಮಾಡಿದರೆ ಮೊಣಕಾಲ ಕೆಳಗಿನ ಉದ್ದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಹೊಸ ಸೈನಿಕರಲ್ಲಿ ಈ ಬಿರುಕು ಎಷ್ಟು ಸಾಮಾನ್ಯವೆಂದರೆ ಜಗತ್ತಿನ ಹಲವು ದೇಶಗಳ ಸೇನಾ ವೈದ್ಯರು ಇದರ ಬಗ್ಗೆ ಬರೆದಿದ್ದಾರೆ. ಎಲುಬಿನ ಮಾತು ಬಂದಾಗ ಇನ್ನೊಂದು ಹೇಳಿಬಿಡುತ್ತೇನೆ. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯೂ ಸೇರಿ ಉತ್ತರದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಎಷ್ಟು ದೊಡ್ಡವರು ಎದ್ದು ನಿಂತು ಬೇಡವೆಂದರು! ಅವರಲ್ಲಿ ಎಷ್ಟು ಜನರ ಮಕ್ಕಳು ಈ ನಸುಕಿನ ರಸ್ತೆಯಲ್ಲಿ ಓಡುತ್ತಿದ್ದಾರೆ?

ನನ್ನ ದೊಡ್ಡ ತಕರಾರು ಮಾತ್ರ ಓಟದ ಬಗ್ಗೆ ಅಲ್ಲ. ಓಟ ಭರ್ತಿಯ ಗೇಟಿನವರೆಗೆ ಮುಟ್ಟಿಸುತ್ತದೆ. ಗೇಟಿನ ಒಳಗೆ ಆರೇಳು ತಿಂಗಳ ತರಬೇತಿಯಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮ ಊರಿನಲ್ಲಿ ಈ ಹುಡುಗನಿಗೆ ಒಬ್ಬರೂ ಹೇಳಿರುವುದಿಲ್ಲ. ಕೊಡಗಿನ ಮಾತು ಬೇರೆ. 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು, ಆಮೇಲೆ ತಿಮ್ಮಯ್ಯನವರು ಆ ನೆಲದವರು. ಅಲ್ಲಿ ಅಜ್ಜ, ಸೋದರಮಾವ, ಪಕ್ಕದ ಮನೆಯ ಹವಾಲ್ದಾರ ಹೀಗೆ ಯಾರಾದರೊಬ್ಬರು ಬೂಟಿಗೆ ಪಾಲಿಶ್ ಹಚ್ಚುವುದನ್ನು ನೋಡುತ್ತಲೇ ಮಗು ಬೆಳೆಯುತ್ತದೆ. ಬೆಳಗಾವಿಯಲ್ಲಿ 1922ರಿಂದ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಿಗೆ ಅಲ್ಲಿನ ಸೀಟಿ, ಅಲ್ಲಿನ ಪರೇಡು ಹೊಸದಲ್ಲ. ನಮ್ಮ ಜಿಲ್ಲೆಯಲ್ಲೂ 1963ರಿಂದ ವಿಜಯಪುರದಲ್ಲಿ ಸೈನಿಕ ಶಾಲೆಯಿದೆ, ಹೆಮ್ಮೆಯ ವಿಷಯವೇ. ಆದರೆ ಅದು ಮುಂದೆ ಅಧಿಕಾರಿಗಳಾಗುವ ಮಕ್ಕಳನ್ನು ತಯಾರು ಮಾಡಲು ಕಟ್ಟಿದ್ದು. ಸಿಪಾಯಿಯಾಗುವ ಹುಡುಗ ಓದುವುದು ನಮ್ಮಂಥವರ ಶಾಲೆಯಲ್ಲಿ. ಮನೆಯಲ್ಲಿ ಹೇಳಿಕೊಡುವ ಹಿರಿಯ ಇಲ್ಲದ ಕಡೆ ಆ ಹಿರಿತನ ಶಾಲೆಯ ಮೇಲೆ ಬೀಳುತ್ತದೆ. ಶಾಲೆಯೋ “ಹಾಕ್ರಿ” ಎಂದು ಹೇಳಿ ಕೈತೊಳೆದುಕೊಂಡಿದೆ.

ತರಬೇತಿ ಮುಗಿಸಿ ರಜೆಗೆ ಬಂದ ಹುಡುಗರು ನನ್ನನ್ನು ನೋಡಲು ಬರುತ್ತಾರೆ. ಒಬ್ಬ ತೋಟದ ವಸ್ತಿಯ ಹುಡುಗ. ಹೊರರಾಜ್ಯದ ಒಂದು ಕೇಂದ್ರದಲ್ಲಿ ತರಬೇತಿ ಮುಗಿಸಿದವನು. ಕಷ್ಟ ಯಾವುದಾಗಿತ್ತು ಎಂದು ಕೇಳಿದೆ. ಹಗ್ಗ ಹತ್ತುವುದು, ಬೆನ್ನಿಗೆ ಭಾರ ಕಟ್ಟಿಕೊಂಡು ಐದು ಕಿಲೋಮೀಟರ್ ಓಡುವುದು, ಇಂಥದ್ದೇನಾದರೂ ಹೇಳುತ್ತಾನೆಂದುಕೊಂಡಿದ್ದೆ. “ಅದೇನ್ ಇಲ್ರೀ ಅಕ್ಕೋರ, ಮಾತ ತಿಳೀಲಿಲ್ರಿ” ಅಂದ.

ಮೊದಲ ವಾರ ಉಸ್ತಾದರು, ಅಂದರೆ ತರಬೇತಿ ಕೊಡುವ ಹವಾಲ್ದಾರರು, ನೀರು ಕುಡಿದು ಬಾಟಲಿ ತುಂಬಿಕೊಂಡು ಸಾಲಿಗೆ ಬನ್ನಿ ಎಂದರಂತೆ. ಇವನಿಗೆ ತಿಳಿದದ್ದು ‘ಪಾನಿ’ ಒಂದೇ. ನೀರು ಕುಡಿದು ಬರಿಗೈಯಲ್ಲಿ ಬಂದು ನಿಂತ. ಒಬ್ಬನ ತಪ್ಪಿಗೆ ಇಡೀ ಸ್ಕ್ವಾಡು ಬಿಸಿಲಲ್ಲಿ ಉರುಳಬೇಕಾಯಿತು. ಉರುಳುವುದು ಅವನಿಗೆ ಕಷ್ಟವಾಗಲಿಲ್ಲ. ಉಳಿದವರು ಅವನ ಕಡೆ ನೋಡಿದ ನೋಟ ಕಷ್ಟವಾಯಿತು. ‘ದಾಹಿನೆ ಮುಡ್’, ‘ಬಾಯೇ ಮುಡ್’ ಎಂಬುದರಲ್ಲಿ ಯಾವುದು ಬಲ, ಯಾವುದು ಎಡ ಎಂದು ಗಟ್ಟಿಯಾಗಲು ಹತ್ತು ದಿನ ಹಿಡಿಯಿತಂತೆ. ಅಲ್ಲಿಯವರೆಗೆ ಮುಂದಿನವನ ಹೆಗಲು ನೋಡಿ ತಿರುಗುತ್ತಿದ್ದ. ಹಾಗಾಗಿ ಸದಾ ಅರ್ಧ ಕ್ಷಣ ಹಿಂದೆ. ಅಲ್ಲಿ ಅರ್ಧ ಕ್ಷಣ ದೂರದಿಂದಲೇ ಕಾಣುತ್ತದೆ. ಬಂದೂಕು ಬಿಚ್ಚಿ ಜೋಡಿಸುವ ತರಗತಿಯಲ್ಲಿ ಕೈಗೆ ಎಲ್ಲ ಬರುತ್ತಿತ್ತು, ಬಾಯಿಗೆ ಒಂದೂ ಬರುತ್ತಿರಲಿಲ್ಲ. ಟ್ರ್ಯಾಕ್ಟರಿನ ಪಂಪು ಬಿಚ್ಚಿದವನಿಗೆ ಬಂದೂಕಿನ ಭಾಗ ಯಾವ ಲೆಕ್ಕ? ಆದರೆ ಭಾಗದ ಹೆಸರು ಹೇಳು, ಅದರ ಕೆಲಸ ಹೇಳು ಎಂದರೆ ಗರಬಡಿದವನಂತೆ ನಿಲ್ಲುತ್ತಿದ್ದ. ತಿಳಿಯಲಿಲ್ಲ ಎಂದು ಕೈ ಎತ್ತಲೂ ಭಯ. ಆ ಭಯವನ್ನು ಅವನು ಸೇನೆಯಲ್ಲಿ ಕಲಿತದ್ದಲ್ಲ, ಹತ್ತು ವರ್ಷ ಶಾಲೆಯಲ್ಲಿ ಕೂತು ಕಲಿತು ಹೋದದ್ದು.

ಈಗ ಯಾರಾದರೂ ಕೇಳಬಹುದು, ಆರನೆಯಿಂದ ಹತ್ತನೆಯವರೆಗೆ ಐದು ವರ್ಷ ಹಿಂದಿ ಕಲಿಸಿದ್ದೀರಲ್ಲ? ಕಲಿಸಿದ್ದೇವೆ. ಪಾಠದ ಕೊನೆಯ ಪ್ರಶ್ನೋತ್ತರ ಬರೆಸಿದ್ದೇವೆ, ಲಿಂಗ ಬದಲಿಸಿ, ವಚನ ಬದಲಿಸಿ ಎಂದು ಕೊಟ್ಟಿದ್ದೇವೆ, ರಜಾ ಅರ್ಜಿ ಬಾಯಿಪಾಠ ಮಾಡಿಸಿದ್ದೇವೆ. ಒಂದು ವಾಕ್ಯ ಕಿವಿಯಿಂದ ಕೇಳಿ ಅದರಂತೆ ನಡೆಯುವುದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ, ಹೀಗಾಗಿ ಯಾರೂ ಕಲಿಸುವುದಿಲ್ಲ. ಊರಿನ ಇನ್ನೊಬ್ಬ ಹುಡುಗ ಮುಸಲ್ಮಾನರ ಓಣಿಯ ಪಕ್ಕದವನು. ಗೋಲಿ, ಕ್ರಿಕೆಟ್ಟು ಎಲ್ಲ ಅಲ್ಲಿಯೇ. ಅವನಿಗೆ ನಮ್ಮ ಕಡೆಯ ದಖನಿ ನಾಲಿಗೆಯ ಮೇಲಿತ್ತು. ಇನ್ನೊಂದು ರೊಟ್ಟಿ ಬೇಕೇ ಎಂದು ಲಂಗರಿನಲ್ಲಿ ಕೇಳಿದಾಗ ‘ನಕ್ಕೋ’ ಎಂದನಂತೆ. ಹರಿಯಾಣದವರು, ಬಿಹಾರದವರು ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕರಂತೆ; ತರಬೇತಿ ಮುಗಿಯುವವರೆಗೆ ಇವನ ಹೆಸರೇ ನಕ್ಕೋ ಆಯಿತು. ನಕ್ಕರೆ ನಗಲಿ, ಅವನು ಉರುಳಲಿಲ್ಲ. ಗೋಲಿಯಾಟದಲ್ಲಿ ಕಲಿತದ್ದು ಐದು ವರ್ಷದ ಪುಸ್ತಕಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಹಿಂದಿ ಶಾಲೆಯಲ್ಲಿ ಬೇಕೋ ಬೇಡವೋ ಎಂಬ ದೊಡ್ಡ ಜಗಳ ಬೇರೆಯೇ ಇದೆ, ಅದರಲ್ಲಿ ನಾನು ಕನ್ನಡದ ಪಕ್ಷದವಳೇ. ಆದರೆ ಐದು ವರ್ಷ ಪಾಠ ಹೇಳಿಯೂ ನೀರಿನ ಬಾಟಲಿ ತುಂಬಿಕೊಳ್ಳುವಷ್ಟು ಕಲಿಸದಿದ್ದರೆ ಅದು ಯಾವ ಪಕ್ಷಕ್ಕೂ ಶೋಭೆಯಲ್ಲ. ಸೇನೆಯದೂ ಒಂದು ವಿಚಿತ್ರವಿದೆ. ಪ್ರವೇಶ ಪರೀಕ್ಷೆಯನ್ನು 2025ರಲ್ಲಿ ಕನ್ನಡದಲ್ಲೂ ಬರೆಯಲು ಅವಕಾಶ ಕೊಟ್ಟರು, ಒಳ್ಳೆಯದಾಯಿತು. ಬಾಗಿಲಲ್ಲಿ ಕನ್ನಡ ಕೇಳಿ ಒಳಗೆ ಹೋದವನಿಗೆ ಮರುದಿನದಿಂದ ಕನ್ನಡದ ಸೊಲ್ಲಿಲ್ಲ. ಬ್ರಿಟಿಷರ ಕಾಲದಲ್ಲಿ ರಂಗರೂಟನಿಗೆ ರೋಮನ್ ಅಕ್ಷರದಲ್ಲಿ ಉರ್ದು ಕಲಿಸಿ ಆಮೇಲೆ ಪಾಠ ಹೇಳುತ್ತಿದ್ದರು. ಅವರು ಮಾಡಿದ್ದು ತಮ್ಮ ಅನುಕೂಲಕ್ಕೇ ಇರಬಹುದು. ಆದರೂ ಭಾಷೆಯನ್ನು ಮೊದಲು ಕಲಿಸಬೇಕು ಎಂಬಷ್ಟು ಅವರಿಗೆ ತಿಳಿದಿತ್ತು.

ವಸ್ತಿಯ ಹುಡುಗ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಲ್ಲಿ ನಕಾಶೆ ಓದುವ ತರಗತಿಗಳಿವೆ. ದಿಕ್ಸೂಚಿ ಹಿಡಿದು ಕೋನ ಅಳೆಯುವುದು, 180 ಕೂಡಿಸಿಯೋ ಕಳೆದೋ ಬಂದ ದಾರಿಯ ಕೋನ ತೆಗೆಯುವುದು, ಚೌಕಗಳ ಅಂಕಿಯಿಂದ ಒಂದು ಬಾವಿಯನ್ನೋ ಗುಡಿಯನ್ನೋ ಗುರುತಿಸುವುದು. ಆಮೇಲೆ ಸಮೋನ್ನತ ರೇಖೆಗಳು: ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು. ಗೆರೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದು, ದೂರ ದೂರವಿದ್ದರೆ ನೆಲ ಸಪಾಟು. ಹತ್ತನೇ ತರಗತಿಯಲ್ಲಿ ಎಪ್ಪತ್ತು ಎಂಬತ್ತು ಅಂಕ ತಂದವರೂ ಹಾಳೆಯ ಮೇಲಿನ ಆ ಗೆರೆಗಳನ್ನು ನೋಡಿ ಕಂಗಾಲಾದರಂತೆ. ಇವನಿಗೆ ಮಾತು ಅರ್ಧಂಬರ್ಧ ತಿಳಿದರೂ ಗೆರೆ ಕಂಡ ಕೂಡಲೇ ಹೊಳೆಯಿತು. “ನಮ್ಮ ಹೊಲದಾಗಿನ ಒಡ್ಡ ಇದ್ದಂಗ ಐತಿ ಅನಿಸಿತ್ರಿ” ಅಂದ.

ಎಷ್ಟು ಸರಿಯಾದ ಮಾತು! ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಿಂದಲೂ ಇಲ್ಲಿನ ಎರೆಭೂಮಿಯಲ್ಲಿ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಭೀಮೆಗೆ ಒಯ್ಯದಂತೆ ಸಮಪಾತಳಿಗೆ ಒಡ್ಡು ಹಾಕುತ್ತ ಬಂದಿದ್ದಾರೆ. ಒಡ್ಡು ನೆಟ್ಟಗಿರುವುದಿಲ್ಲ, ನೆಲದ ಮಟ್ಟ ಹಿಡಿದು ಸೊಟ್ಟಸೊಟ್ಟ ಹೋಗುತ್ತದೆ. ಏರು ಹೆಚ್ಚಿದ್ದರೆ ಒಡ್ಡುಗಳು ಹತ್ತಿರ ಹತ್ತಿರ, ಬಯಲಿದ್ದರೆ ದೂರ ದೂರ. ಸಮೋನ್ನತ ರೇಖೆ ಎಂದರೆ ಇದೇ, ಕಾಗದದ ಬದಲು ಮಣ್ಣಿನಲ್ಲಿ ಬರೆದದ್ದು. ಅಪ್ಪನ ಜೊತೆ ಸಲಿಕೆ ಹಿಡಿದು ಆ ಒಡ್ಡು ಕಟ್ಟಿದ ಹುಡುಗನಿಗೆ ಶಾಲೆಯಲ್ಲಿ ನಕಾಶೆಯೆಂದರೆ ಏನು ಸಿಗುತ್ತದೆ? ಭಾರತದ ಬಾಹ್ಯರೇಖೆಯ ಚಿತ್ರ, ಅದರಲ್ಲಿ ನರ್ಮದೆಯನ್ನು, ಭಾಕ್ರಾ ಅಣೆಕಟ್ಟನ್ನು ಗುರುತಿಸುವುದು, ಅಷ್ಟಕ್ಕೆ ಅಂಕ. ನರ್ಮದೆ ಎಲ್ಲಿದೆ ಎಂದು ತಿಳಿಯಲಿ, ಬೇಡವೆನ್ನುವುದಿಲ್ಲ. ಆದರೆ ಶಾಲೆಯ ಹಿಂದಿನ ಹಳ್ಳ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಅದೇ ಮಕ್ಕಳನ್ನು ಕೇಳಿ ನೋಡಿ.

ತರಬೇತಿಯಲ್ಲಿ ಹೊಡೆದು ಬಡಿದು ನೆಟ್ಟಗೆ ಮಾಡುತ್ತಾರೆ ಎಂಬ ನಂಬಿಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಲ್ಲಿ ಶಿಕ್ಷೆ ಇಲ್ಲವೆಂದು ನಾನು ಹೇಳುವುದಿಲ್ಲ. ‘ರಗಡಾ’ ಎಂಬ ಹೆಸರಿನಲ್ಲಿ ಉರುಳಿಸುವುದು, ಬಗ್ಗಿಸುವುದು, ಓಡಿಸುವುದು ಎಲ್ಲ ಇದೆ. ಅದರಲ್ಲಿ ಕೆಲವು ಮೈಗೆ ಬಲ ಕೊಡುತ್ತವೆ. ಕೆಲವು ಬರೀ ಅವಮಾನ, ಅವನ್ನು ಹೊಗಳಲು ನನ್ನಿಂದಾಗದು. ಆದರೆ ಹುಡುಗರನ್ನು ಕುಳ್ಳಿರಿಸಿ ವಿವರವಾಗಿ ಕೇಳಿದರೆ ಅವರು ಹೇಳುವ ಕಥೆಯಲ್ಲಿ ಶಿಕ್ಷೆ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಪಾಠ. ಡ್ರಿಲ್ಲನ್ನು ಕಲಿಸುವ ರೀತಿ ಕೇಳಿ: ಮೊದಲು ಉಸ್ತಾದ ಮಾತಿಲ್ಲದೆ ಪೂರ್ತಿ ಮಾಡಿ ತೋರಿಸುತ್ತಾನೆ, ಅದು ನಮೂನಾ. ಆಮೇಲೆ ಬಾಯಲ್ಲಿ ವಿವರಿಸುತ್ತ ತುಂಡು ತುಂಡಾಗಿ ತೋರಿಸುತ್ತಾನೆ, ಅದು ಬಯಾನ್ ಸೇ ನಮೂನಾ. ಆಮೇಲೆ ಎಣಿಕೆ ಹಾಕಿ ಒಂದೊಂದೇ ತುಂಡನ್ನು ಮಾಡಿಸುತ್ತಾನೆ. ಕೊನೆಗೆ ಕೂಡಿಸಿ ಮಾಡಿಸುತ್ತಾನೆ. “ಕಡೀ ಮನಿಶಾಗ ಬರೂತನಕ ಬಿಡೂದಿಲ್ರಿ” ಎಂದ ಹುಡುಗ. ನಾವು ಬಿ.ಎಡ್. ಮಾಡುವಾಗ ಹರ್ಬಾರ್ಟನ ಹೆಜ್ಜೆಗಳೆಂದು ಉರು ಹೊಡೆದೆವಲ್ಲ, ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂದು. ಪರೀಕ್ಷೆಯ ಮರುದಿನ ಅದನ್ನು ಮರೆತವರು ನಾವೆಷ್ಟು ಜನವೋ, ಪಿಯುಸಿ ಓದಿದ ಹವಾಲ್ದಾರನೊಬ್ಬ ಹೆಸರೇ ಗೊತ್ತಿಲ್ಲದೆ ದಿನವೂ ಅದನ್ನು ಮಾಡುತ್ತಿದ್ದಾನೆ. ಎಡವಟ್ಟು ಹುಡುಗ ಅಲ್ಲಿ ನೆಟ್ಟಗಾಗಿ ಬಂದರೆ ಅದು ಕೋಲಿನ ಗುಣವಲ್ಲ. ತನಗೆ ಬರುವವರೆಗೆ ಬಿಡದೆ ಕಲಿಸಿದ ಮನುಷ್ಯನನ್ನು ಅವನು ಜೀವನದಲ್ಲಿ ಮೊದಲ ಸಲ ಕಂಡದ್ದು. ನಮ್ಮಲ್ಲಿ ಗರಡಿ ಮನೆಯ ಕಸರತ್ತಿಗೂ, ಬಯಲಾಟದ ಅಭ್ಯಾಸಕ್ಕೂ ತಾಲೀಮು ಎನ್ನುತ್ತೇವೆ. ಉರ್ದುವಿನಲ್ಲಿ ತಾಲೀಮ್ ಎಂದರೆ ವಿದ್ಯಾಭ್ಯಾಸ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯಬಾರದೆಂದ ದಿನದಿಂದ, ಕೋಲು ಹೋಯಿತು ಹುಡುಗರು ಕೆಟ್ಟರು ಎಂದು ಗೊಣಗುವವರು ಈ ಶಬ್ದವನ್ನು ಒಮ್ಮೆ ನಿಘಂಟಿನಲ್ಲಿ ತೆಗೆದು ನೋಡಬೇಕು.

ಎಲ್ಲರೂ ಮುಗಿಸಿ ಬರುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ನಾಲ್ಕನೇ ತಿಂಗಳಿಗೆ ಮರಳಿ ಬಂದ. ಆ ಶೆಡ್ಡಿನಲ್ಲಿ ಎರಡು ತಿಂಗಳು ಡಾಂಬರಿನ ಮೇಲೆ ಓಡಿದವರಲ್ಲಿ ಅವನೂ ಒಬ್ಬ. ಕಾಲು ನೋವನ್ನು ಭರ್ತಿಯ ಹೊತ್ತಿಗೇ ನುಂಗಿಕೊಂಡು ಹೋಗಿದ್ದ. ಅಲ್ಲಿ ಬೂಟು, ಭಾರ, ಲಾಂಗ್ ಮಾರ್ಚು. ಎಲುಬು ಬಿರಿಯಿತು. ಹಿಂದಿನ ತಂಡಕ್ಕೆ ಇಳಿಸಿ ಮತ್ತೊಂದು ಅವಕಾಶ ಕೊಟ್ಟರು. ಕಾಲು ಕೂಡಿಬರಲಿಲ್ಲ, ಮನೆಗೆ ಕಳಿಸಿದರು. ಅವನು ಹೊರಟಾಗ ಬ್ಯಾನರ್ ಕಟ್ಟಿ, ಭಂಡಾರ ಹಾರಿಸಿ, ಡೊಳ್ಳು ಬಾರಿಸಿ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದ ಊರು, ಬಂದಾಗ “ಓಡಿ ಬಂದಾನ” ಎಂದಿತು. ಎಕ್ಸ್‌ರೇ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಿದ. ಚಹಾದಂಗಡಿಯಲ್ಲಿ, ಕಟ್ಟೆಯ ಮೇಲೆ, ಯಾರಾದರೂ ಓರೆ ಮಾತಾಡಿದರೆ ಹಾಳೆ ತೆಗೆದು ಸೂರ್ಯನಿಗೆ ಹಿಡಿದು ತೋರಿಸುತ್ತಿದ್ದ. ನಿಟ್ಟಿಸಿ ನೋಡುವ ತಾಳ್ಮೆ ಯಾರಿಗಿದೆ? ನನಗೂ ತೋರಿಸಿದ. ಉದ್ದ ಎಲುಬಿನ ನಡುವೆ ನಿಜಕ್ಕೂ ಕೂದಲಿನಂಥ ಗೆರೆಯಿತ್ತು. ಈಗ ಅವನು ಸೊಲ್ಲಾಪುರದಲ್ಲಿ ಗೋದಾಮಿನ ಲೆಕ್ಕ ಬರೆಯುತ್ತಾನೆ. ಜಾತ್ರೆಗೆ ಬರುತ್ತಾನೆ, ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಮಾತ್ರ ಊರಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಗ್ಯಾರಂಟಿ ಕೊಟ್ಟ ಶೆಡ್ಡಿನವನು ದುಡ್ಡು ಹಿಂತಿರುಗಿಸಲಿಲ್ಲ. ಅವನ ಫಲಕದ ಮೇಲಿನ ‘ಆಯ್ಕೆಯಾದವರು’ ಪಟ್ಟಿಯಲ್ಲಿ ಈ ಹುಡುಗನ ಭಾವಚಿತ್ರ ಈಗಲೂ ಇದೆ.

ಮುಗಿಸಿ ಬಂದವರ ಮುಂದಿನ ಮಾತೂ ಸರಳವಿಲ್ಲ. ಅಗ್ನಿವೀರನ ಅವಧಿ ತರಬೇತಿ ಸೇರಿ ನಾಲ್ಕೇ ವರ್ಷ. ಪ್ರತಿ ತಂಡದಲ್ಲಿ ಹೆಚ್ಚೆಂದರೆ ಶೇಕಡಾ 25 ಜನರನ್ನು ಮುಂದುವರಿಸುತ್ತಾರೆ ಎಂಬುದು ಯೋಜನೆಯ ನಿಯಮ; ನಾಲ್ವರಲ್ಲಿ ಮೂವರು ಮರಳಬೇಕು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಕೈಗೆ 21,000, ಉಳಿದದ್ದು ಸೇವಾನಿಧಿಗೆ. ಕೊನೆಗೆ ಸರಕಾರದ ಪಾಲೂ ಬಡ್ಡಿಯೂ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಈ ಹನ್ನೊಂದು ಲಕ್ಷ ನಮ್ಮ ಮನೆಗಳಲ್ಲಿ ಹುಡುಗ ಕಸಮ್ ಪರೇಡಿನಲ್ಲಿ ಪ್ರಮಾಣ ಮಾಡುವ ಮೊದಲೇ ಖರ್ಚಾಗಿರುತ್ತದೆ: ತಂಗಿಯ ಮದುವೆ, ಕೊಳವೆಬಾವಿ, ಸೊಸೈಟಿ ಸಾಲ. 2022ರ ಕೊನೆಗೆ ಸೇರಿದ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಘೋಷಿಸಿದ್ದಾರೆ. ಹತ್ತನೇ ಪಾಸಾಗಿ ಸೇರಿದವನು ಸೇವೆಯಲ್ಲಿದ್ದುಕೊಂಡೇ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ಪ್ರಮಾಣಪತ್ರ ಪಡೆಯಬಹುದೆಂದೂ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪದವಿಗೆ ಆ ತರಬೇತಿಯನ್ನೇ ಅರ್ಧದಷ್ಟು ಲೆಕ್ಕಕ್ಕೆ ಹಿಡಿಯುತ್ತಾರೆಂದೂ 2022ರಲ್ಲೇ ಪ್ರಕಟವಾಗಿದೆ. ಇದನ್ನು ಓದಿ ಹೇಳುವವರು ಯಾರು? ತಲೆಗೆ ವಿದ್ಯೆ ಹತ್ತುವುದಿಲ್ಲ ಎಂದು ಮುದ್ರೆ ಒತ್ತಿ ಕಳಿಸಿದವನಿಗೆ, ಇಪ್ಪತ್ತೆರಡು ವರ್ಷಕ್ಕೆ ಮರಳಿ ಬಂದಾಗ ಮತ್ತೆ ಓದು ಎಂದು ಹೇಳಲು ನಮಗೆ ಬಾಯಿ ಎಲ್ಲಿಂದ ಬರಬೇಕು?

ಹೆಣ್ಣುಮಕ್ಕಳ ಸುದ್ದಿ ಎತ್ತಿದರೆ ಕೋಣೆಯಲ್ಲಿ ನಗು ಇನ್ನೂ ಜೋರಾಗುತ್ತದೆ. ಅವರಿಗೆ ನೆನಪಿಸುತ್ತೇನೆ. ಸೇನಾ ಪೊಲೀಸ್ ದಳಕ್ಕೆ ಮಹಿಳೆಯರನ್ನು ಸಿಪಾಯಿಗಳನ್ನಾಗಿ ತೆಗೆದುಕೊಳ್ಳುವ ಮೊದಲ ಭರ್ತಿ ಮೇಳ 2019ರ ಆಗಸ್ಟಿನಲ್ಲಿ ನಡೆದದ್ದು ಬೆಳಗಾವಿಯಲ್ಲಿ. ಮೊದಲ ತಂಡದ 83 ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ 61 ವಾರ ತರಬೇತಿ ಪಡೆದು, ಕೊರೊನಾದ ನಡುವೆಯೂ, 2021ರ ಮೇ 8ರಂದು ಹೊರಬಂದರು. 2023ರ ಡಿಸೆಂಬರ್ 2ರಂದು ಬೆಳಗಾವಿಯ ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಯಿಂದ 153 ಹುಡುಗಿಯರು ಹುಡುಗರ ಜೊತೆಗೇ ಪರೇಡು ಮಾಡಿ ಹೊರಟರು. ನಮ್ಮೂರಿನಲ್ಲಿ ಓಡಬೇಕೆನ್ನುವ ಹುಡುಗಿಯರು ಮೂವರಿದ್ದಾರೆ. ನಸುಕಿನ ರಸ್ತೆಗೆ ಹೋಗುವಂತಿಲ್ಲ. ಅಣ್ಣ ಬೈಕಿನ ಮೇಲೆ ಹಿಂದೆ ಬಂದರೆ ಮಾತ್ರ ಓಟ, ಅಣ್ಣ ಏಳದ ದಿನ ಓಟವಿಲ್ಲ. ಶಾಲೆಯ ಮೈದಾನಕ್ಕೆ ಒಂದು ದೀಪ ಹಾಕಿಸಿ, ಗೇಟಿನ ಕೀಲಿಕೈ ಐದು ಗಂಟೆಗೆ ಕೊಡಿ ಎಂದು ಮೂರು ಸಲ ಬರೆದುಕೊಟ್ಟಿದ್ದೇನೆ. ಮದುವೆಯ ಊಟಕ್ಕೆ ಆ ಮೈದಾನ ಕೊಡುವಾಗ ಕೀಲಿಕೈಗೆ ಯಾವ ತೊಂದರೆಯೂ ಇರುವುದಿಲ್ಲ.

ನಾನು ಬೇಡುತ್ತಿರುವುದು ದೊಡ್ಡದಲ್ಲ, ಹೊಸ ಸರಕಾರಿ ಯೋಜನೆಯೂ ಬೇಕಿಲ್ಲ. ಒಂಬತ್ತು, ಹತ್ತನೆಯಲ್ಲಿ ವಾರಕ್ಕೊಂದು ಅವಧಿ ಪುಸ್ತಕ ಮುಚ್ಚಿಟ್ಟು ಹಿಂದಿಯಲ್ಲಿ ಕೇಳಿಸಿ, ಕೇಳಿದಂತೆ ಮಾಡಿಸಿ. ಓಡುವ ಹುಡುಗನಿಗೆ ಎರಡು ತಿಂಗಳ ಬದಲು ಎರಡು ವರ್ಷ ಕೊಡಿ, ಮಣ್ಣಿನ ಮೇಲೆ ಓಡಿಸಿ. ನಿವೃತ್ತರಾಗಿ ಬಂದ ಸುಬೇದಾರರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಅವರನ್ನು ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿ ಕಳಿಸುವ ಬದಲು ಜೂನಿನಲ್ಲಿ ಕರೆದು ಹುಡುಗರ ನಡುವೆ ಕುಳ್ಳಿರಿಸಿ. ಒಳಗೆ ಏನಾಗುತ್ತದೆ ಎಂದು ಎರಡು ತಾಸು ಹೇಳಲಿ, ಕಾಲು ನೋವನ್ನು ಮುಚ್ಚಿಡಬೇಡ ಎಂದೂ ಹೇಳಲಿ. ತಿಳಿಯಲಿಲ್ಲ ಎಂದು ಕೈ ಎತ್ತಿದವನನ್ನು ನೋಡಿ ನಗುವುದನ್ನು ನಿಲ್ಲಿಸಿ.

ಈ ವರ್ಷ ಮೊದಲ ಮಳೆ ಬಿದ್ದ ಮರುದಿನ ನಾನು ಹತ್ತನೇ ತರಗತಿಯನ್ನು ಶಾಲೆಯ ಹಿಂದಿನ ಹೊಲಕ್ಕೆ ಕರೆದುಕೊಂಡು ಹೋದೆ. ಒಡ್ಡಿನ ಗುಂಟ ನಡೆಸಿ, ನೀರು ಎಲ್ಲಿ ನಿಂತಿದೆ, ಎಲ್ಲಿ ಒಡೆದು ಹರಿದಿದೆ ನೋಡಿಸಿ, ಹಾಳೆಯ ಮೇಲೆ ಗೆರೆ ಹಾಕಿಸಿದೆ. ಎಪ್ಪತ್ತು ನಿಮಿಷ ಹಿಡಿಯಿತು, ಎಲ್ಲರ ಕಾಲಿಗೂ ಎರೆಮಣ್ಣು ಮೆತ್ತಿತು. ಮಧ್ಯಾಹ್ನ ಕರೆ ಬಂತು: ಈ ಪಾಠ ವಾರ್ಷಿಕ ಯೋಜನೆಯಲ್ಲಿ ಎಲ್ಲಿದೆ, ಯಾವ ವಿಷಯಕ್ಕೆ ಹಚ್ಚಬೇಕು? ದಿನಚರಿಯಲ್ಲಿ ‘ಭೂಗೋಳ, ಎರಡು ಅವಧಿ’ ಎಂದು ಬರೆದು ಸಹಿ ಮಾಡಿ ಕೊಟ್ಟೆ.